ಕಪ್ಪಾದ ಕಪ್ಪು

ಹೊಣಕೆರೆ ಹೋಬಳಿಯ ಒಂದು ಊರು, ಆ ಊರಲ್ಲೊಂದು ಹಂಚಿನ ಮನೆ. ನಡುಮನೆಯ ಗೋಡೆ ಬೀರುವಿನಲ್ಲಿ ದೇವರ ಪಟ, ಪಡಿತರ ಚೀಟಿ, ಮೊಮ್ಮಗಳ ಅಂಕಪಟ್ಟಿ, ಎಂದೋ ಖಾಲಿಯಾದ ಎರಡು ಔಷಧದ ಸೀಸೆಗಳ ಪಕ್ಕದಲ್ಲಿ ಒಂದು ಕಪ್ಪು ಕೂತಿದೆ. ಕಪ್ಪು ಎಂದರೆ ಇಲ್ಲಿ ಬಣ್ಣವಲ್ಲ. ಆಟದಲ್ಲಿ, ನಾಟಕದಲ್ಲಿ ಗೆದ್ದವರಿಗೆ ಕೊಡುತ್ತಾರಲ್ಲ, ಎರಡು ಕಿವಿಯ, ಮರದ ಪೀಠದ ಆ ಕಪ್ಪು. ಆದರೆ ಐವತ್ತು ವರ್ಷ ಒಲೆಯ ಹೊಗೆ, ಕೊಟ್ಟಿಗೆಯ ಗಾಳಿ ಕುಡಿದೂ ಕುಡಿದೂ ಅದರ ಬಣ್ಣವೂ ಕಪ್ಪೇ ಆಗಿದೆ. ಹಾಗಾಗಿ ಆ ಮನೆಯ ಮಕ್ಕಳಿಗೆ ಅದು ಚಿಕ್ಕಂದಿನಿಂದಲೂ 'ಕಪ್ಪು ಕಪ್ಪು'.

ಕಪ್ಪಿನ ಒಡೆಯರು ಎಂಬತ್ತು ದಾಟಿದ ಅಜ್ಜ. ಊರಿನವರೆಲ್ಲ ಅವರನ್ನು ಕರೆಯುವುದು 'ಮ್ಯಾನೇಜರ್ರು' ಎಂದು. ಅವರು ಯಾವ ಬ್ಯಾಂಕಿನಲ್ಲೂ ಯಾವ ಕಾರ್ಖಾನೆಯಲ್ಲೂ ಮ್ಯಾನೇಜರ್ ಆಗಿದ್ದವರಲ್ಲ. ಮೂರೆಕರೆ ಹೊಲದ ರಾಗಿ, ಹುರುಳಿ ಬಿಟ್ಟರೆ ಇನ್ನೇನನ್ನೂ ನಿಭಾಯಿಸಿದವರಲ್ಲ. ಆದರೆ ಸುಮಾರು ಇಪ್ಪತ್ತು ವರ್ಷ ಊರಿನ ನಾಟಕಕ್ಕೆ ಅವರೇ ವ್ಯವಸ್ಥಾಪಕರು.

ಮಂಡ್ಯ ಸೀಮೆಯ ನಾಟಕ ನೋಡಿದವರಿಗೆ ಈ ಮಾತಿನ ತೂಕ ಗೊತ್ತಿರುತ್ತದೆ. ಇಲ್ಲಿ ನಾಟಕ ಎಂದರೆ ಬಹುಪಾಲು 'ಕುರುಕ್ಷೇತ್ರ', ತಪ್ಪಿದರೆ ಶನಿಮಹಾತ್ಮೆ, ದಾನಶೂರ ಕರ್ಣ. ರಾತ್ರಿ ಊಟ ಮುಗಿಸಿ ಕೂತರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಹಗಲು ಉಳುವವರು, ಗಾಡಿ ಹೊಡೆಯುವವರು, ಹಾಲಿನ ಡೇರಿಯವರು, ಪಂಚಾಯ್ತಿ ಮೆಂಬರುಗಳು ರಾತ್ರಿ ಭೀಮಾರ್ಜುನರಾಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಊರಿಗೇ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿ ತಾಲೀಮು ಕೊಡುತ್ತಾರೆ. ಪಟ್ಟಣದ ಜನ ಕೇಳಿದರೆ ಬೆರಗಾಗುವ ಒಂದು ಸಂಗತಿಯೆಂದರೆ, ಇಲ್ಲಿ ಪಾತ್ರ ಮಾಡಿದವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರ ಮಾಡುವವನೇ ದುಡ್ಡು ಕೊಡುತ್ತಾನೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಶಕುನಿಗೆ ಅದಕ್ಕಿಂತ ಕಡಿಮೆ, ಚಾರಕನಿಗೆ ಇನ್ನೂ ಕಡಿಮೆ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಹೊರಗಿನಿಂದ ಕರೆಸುವ ಸ್ತ್ರೀಪಾತ್ರಧಾರಿಗಳ ಸಂಬಳ, ಮೈಕು, ದೀಪ, ಶಾಮಿಯಾನ ಎಲ್ಲ ಆಗಬೇಕು. ಎಂದೂ ಆಗುವುದಿಲ್ಲ. ಆಗದೆ ಉಳಿದ ಬಾಕಿ ಯಾರ ತಲೆಯ ಮೇಲೆ ಬೀಳುತ್ತದೋ ಅವರನ್ನೇ ಕರಪತ್ರದ ಕೊನೆಯ ಸಾಲಿನಲ್ಲಿ 'ವ್ಯವಸ್ಥಾಪಕರು' ಎಂದು ಅಚ್ಚು ಹಾಕಿಸುವುದು.

ರಂಗದ ಮೇಲೆ ಮಾತ್ರ ಅವರಿಗೆ ಜಾಗವಿಲ್ಲ. ಭೀಮ ಗದೆ ತಿರುಗಿಸಿದರೆ ಮಾವನ ಮನೆಯವರು ಮಧ್ಯದಲ್ಲೇ ರಂಗಕ್ಕೆ ಹತ್ತಿ ಹಾರ ಹಾಕಿ, ನೋಟು ಚುಚ್ಚಿ, ಉಂಗುರ ತೊಡಿಸುತ್ತಾರೆ. ಅದನ್ನು ಮೈಕಿನಲ್ಲಿ ಹೆಸರು ಸಮೇತ ಕೂಗಿ ಹೇಳುವವರೆಗೆ ಕುರುಕ್ಷೇತ್ರ ಯುದ್ಧ ನಿಂತಿರುತ್ತದೆ. ಅಷ್ಟು ಹೊತ್ತು ನಮ್ಮ ವ್ಯವಸ್ಥಾಪಕರು ಪರದೆಯ ಹಿಂದೆ ಜನರೇಟರಿಗೆ ಸೀಮೆಎಣ್ಣೆ ಸಾಲುತ್ತದೋ ಇಲ್ಲವೋ ಎಂದು ಬಗ್ಗಿ ನೋಡುತ್ತಿರುತ್ತಾರೆ.

ಅಂಥ ಒಬ್ಬರ ಕೈಗೆ ಒಮ್ಮೆ ಕಪ್ಪು ಬಂತು. ಎಪ್ಪತ್ತರ ದಶಕದಲ್ಲಿ ಒಂದು ಜಾತ್ರೆಯ ನಾಟಕ ಸ್ಪರ್ಧೆ. ಈ ಊರಿನ ತಂಡಕ್ಕೆ ಮೊದಲ ಬಹುಮಾನ. ತೀರ್ಪುಗಾರರು ಕಪ್ಪನ್ನು ದುರ್ಯೋಧನನಿಗೆ ಕೊಡಲಿಲ್ಲ, ಕೃಷ್ಣನಿಗೂ ಕೊಡಲಿಲ್ಲ. ವ್ಯವಸ್ಥಾಪಕರನ್ನು ಕರೆಯಿರಿ ಎಂದರು. ಅಜ್ಜ ಸೀಮೆಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ರಂಗದ ಮೇಲೆ ಹೋದರು. ಬದುಕಿನಲ್ಲಿ ಅವರು ದೀಪದ ಮುಂದೆ ನಿಂತದ್ದು ಅದೊಂದೇ ಸಲ.

ನಾಟಕ ಕಟ್ಟುವವನ ಹೆಸರು ಜನರ ಬಾಯಲ್ಲಿ ಉಳಿಯುವುದು ಅಪರೂಪ. ಕನ್ನಡದಲ್ಲಿ ಅದಕ್ಕೊಂದು ದೊಡ್ಡ ಅಪವಾದ ಗುಬ್ಬಿ ವೀರಣ್ಣನವರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿಗೆ ಅವರು ಬಾಲನಟರಾಗಿ ಸೇರಿದರು, ಮುಂದೆ ಅದರ ಮಾಲೀಕರಾದರು. ಹಾಸ್ಯನಟರಾಗಿ ಜನರನ್ನು ನಗಿಸಿದಷ್ಟೇ ಶ್ರದ್ಧೆಯಿಂದ ನಟರು, ಅವರ ಸಂಸಾರಗಳು, ಪರದೆಗಳು, ಪ್ರಾಣಿಗಳು ಎಲ್ಲವನ್ನೂ ಊರಿಂದೂರಿಗೆ ಸಾಗಿಸಿದರು. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಗೆ ಮೇವು ಹಾಕುವವರು ಯಾರು ಎಂಬ ಪ್ರಶ್ನೆ ನೋಡುವವನಿಗೆ ಹೊಳೆಯುವುದಿಲ್ಲ, ಮಾಲೀಕನನ್ನು ನಿದ್ದೆ ಮಾಡಲು ಬಿಡುವುದಿಲ್ಲ! ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ಕಂಪನಿ ಸೇರಿದ್ದ ಹುಡುಗ ಬಿ.ವಿ. ಕಾರಂತರನ್ನು ಕಾಶಿಗೆ ಎಂ.ಎ. ಓದಲು ಕಳಿಸಿದವರೂ ವೀರಣ್ಣನವರೇ.

ಅವರಿಗೆ ಮೈಸೂರು ಅರಮನೆಯಿಂದ 'ನಾಟಕರತ್ನ' ಬಿರುದು ಬಂತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಕಣ್ಮುಚ್ಚಿದ ವರ್ಷವೇ, ಅಂದರೆ 1972ರಲ್ಲಿ, ಪದ್ಮಶ್ರೀ. ಈಗ ರಾಜ್ಯ ಸರ್ಕಾರ ರಂಗಭೂಮಿಯ ಹಿರಿಯ ಸಾಧಕರಿಗೆ ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲೇ ಇದೆ. ಅಂದರೆ ಪ್ರಶಸ್ತಿ ಪಡೆದವರೇ ಕೊನೆಗೆ ಪ್ರಶಸ್ತಿಯಾಗಿಬಿಟ್ಟರು.

ಪ್ರಶಸ್ತಿಗೆ ಒಂದು ಮೈ ಬೇಕು. ಗೌರವ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಅದನ್ನು ಹಿಡಿದಿಡಲು ಒಂದಿಷ್ಟು ಲೋಹ. ಸಂಗೀತ ನಾಟಕ ಅಕಾಡೆಮಿ ಕೊಡುವುದು ತಾಮ್ರಪತ್ರ ಮತ್ತು ಅಂಗವಸ್ತ್ರ. ಪದ್ಮ ಪ್ರಶಸ್ತಿಗಳ ಪದಕ ಕಂಚಿನದು. ಅಮೆರಿಕದ ರಂಗಭೂಮಿಯವರು ಟೋನಿ ಎಂಬ ಪ್ರಶಸ್ತಿ ಕೊಡುತ್ತಾರೆ. ಅತ್ಯುತ್ತಮ ನಾಟಕ ಎಂದಾದರೆ ಅದು ನಿರ್ಮಾಪಕರ ಕೈಗೂ ಬರುತ್ತದೆ. 1947ರಲ್ಲಿ ಅದು ಶುರುವಾದಾಗ ಪದಕವೇ ಇರಲಿಲ್ಲ; ಒಂದು ಸುರುಳಿ ಪತ್ರ, ಜೊತೆಗೆ ಗಂಡಸರಿಗೆ ಸಿಗರೇಟು ಹೊತ್ತಿಸುವ ಲೈಟರು, ಹೆಂಗಸರಿಗೆ ಪೌಡರ್ ಡಬ್ಬಿ ಕೊಡುತ್ತಿದ್ದರು. 1949ರಿಂದ ನಗುವ ಮುಖ, ಅಳುವ ಮುಖ ಎರಡೂ ಇರುವ ಪದಕ ಬಂತು. ಅದೂ ಚಿನ್ನದ್ದಲ್ಲ, ಹಿತ್ತಾಳೆ, ಕಂಚಿನ ಮೈಗೆ ನಿಕ್ಕಲ್ ಲೇಪ. ಹಾಲಿವುಡ್ಡಿನ ಆಸ್ಕರ್ ಬೊಂಬೆಯಾದರೂ ಮೇಲೆ ಮಾತ್ರ ಚಿನ್ನ, ಒಳಗೆ ಕಂಚು. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದಾಗ ಮೂರು ವರ್ಷ ಬಣ್ಣ ಬಳಿದ ಗಾರೆಯ ಬೊಂಬೆಗಳನ್ನೇ ಕೊಟ್ಟಿದ್ದರು. ಪಡೆದವರು ಯಾರೂ ಬೇಡವೆನ್ನಲಿಲ್ಲ.

ಹೊಣಕೆರೆಯ ಕಪ್ಪಿನ ಕಥೆ ಮುಂದುವರಿದದ್ದು ಮೊಮ್ಮಗಳಿಂದ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ, ಮಂಡ್ಯದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಬೇಕೆಂದಿದ್ದಾಳೆ. ಬೇಸಿಗೆ ರಜೆಯಲ್ಲಿ ಬೇಜಾರಿಗೆ ಕಪ್ಪಿನ ಪಟ ತೆಗೆದು ಮೊಬೈಲಿನಲ್ಲಿ ಗೆಳತಿಗೆ ಕಳಿಸಿದಳು. ಅದು ನಾಲ್ಕು ಕೈ ದಾಟಿ ಬೆಂಗಳೂರಿನ ಒಬ್ಬ ಸಂಗ್ರಾಹಕರಿಗೆ ಸಿಕ್ಕಿತು. ಅವರು ಹಳೆಯ ನಾಟಕದ ಕರಪತ್ರ, ಟಿಕೀಟು, ಪದಕ, ಕಿರೀಟ ಕೂಡಿಡುವ ಹವ್ಯಾಸದವರು. ಒಂದು ಭಾನುವಾರ ಊರಿಗೇ ಬಂದರು. ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, "ಹದಿನೈದು ಸಾವಿರ ಕೊಡ್ತೀನಿ, ಯೋಚನೆ ಮಾಡಿ. ಮುಂದಿನ ವಾರ ಬರ್ತೀನಿ. ದಯವಿಟ್ಟು ತೊಳೆಯೋದಕ್ಕೆ ಮಾತ್ರ ಹೋಗಬೇಡಿ" ಎಂದು ಹೇಳಿ ಹೋದರು.

ಮನೆಯಲ್ಲಿ ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಮಂಡ್ಯದ ಕಾಲೇಜು ಫೀಸು, ಹಾಸ್ಟೆಲಿನ ಮುಂಗಡ ಎರಡೂ ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಹುಡುಗಿಯ ಅಪ್ಪ ಹೇಳಿದರು: "ಬೆಳ್ಳಿ ಅಲ್ವಾ? ಒಂದು ಕೇಜಿ ಮೇಲಿರಬೋದು. ಅವನು ಹದಿನೈದು ಅಂತಾನೆ ಅಂದ್ರೆ ಜಾಸ್ತಿನೇ ಬಾಳ್ತದೆ. ನಾಗಮಂಗಲಕ್ಕೆ ತಗೊಂಡೋಗಿ ತೂಕಕ್ಕೆ ಹಾಕ್ಸಾಣ."

ತೂಕಕ್ಕೆ ಹಾಕುವ ಮುಂಚೆ ಅದು ಬೆಳ್ಳಿಯೇ ಎಂದು ಗೊತ್ತಾಗಬೇಕಲ್ಲ? ಒಂಬತ್ತನೇ ತರಗತಿಯಲ್ಲಿ ಓದಿದ ಆರ್ಕಿಮಿಡೀಸ್ ಹುಡುಗಿಯ ನೆನಪಿಗೆ ಬಂದ. ರಾಜನ ಕಿರೀಟ ಅಪ್ಪಟ ಚಿನ್ನವೇ ಎಂದು ಮುರಿಯದೆ ಕರಗಿಸದೆ ಕಂಡುಹಿಡಿದನೆಂಬ ಕಥೆಯ ಆರ್ಕಿಮಿಡೀಸ್. ಅವಳು ಶಾಲೆಯಿಂದ ಅಳತೆ ಜಾಡಿಯೊಂದನ್ನು ಕೇಳಿ ತಂದಳು. ತಿರುಪು ಬಿಚ್ಚಿ ಕಪ್ಪನ್ನು ಮರದ ಪೀಠದಿಂದ ಬೇರ್ಪಡಿಸಿದಳು. ಪ್ರಯೋಗಶಾಲೆಯ ತಕ್ಕಡಿ ಅಷ್ಟು ಭಾರ ತಡೆಯದು, ಆದ್ದರಿಂದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿದಳು: 1,150 ಗ್ರಾಂ. ಹರಿವಾಣದ ಮಧ್ಯೆ ಬಕೀಟು ಇಟ್ಟು ಕಂಠಮಟ್ಟ ನೀರು ತುಂಬಿ, ಕಪ್ಪನ್ನು ದಾರಕ್ಕೆ ಕಟ್ಟಿ, ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಓರೆಯಾಗಿ ಇಳಿಬಿಟ್ಟಳು. ಹೊರಚೆಲ್ಲಿದ ನೀರನ್ನು ಜಾಡಿಯಲ್ಲಿ ಅಳೆದಳು. ಒಂದೇ ಸಲಕ್ಕೆ ನಂಬಬಾರದೆಂಬ ಎಚ್ಚರವೂ ಅವಳಿಗಿತ್ತು. ಮೂರು ಸಲ ಮಾಡಿದಳು: 136, 133, 134 ಘನ ಸೆಂಟಿಮೀಟರ್. ಸರಾಸರಿ ತೆಗೆದು ಭಾಗಿಸಿದರೆ ಸಾಂದ್ರತೆ ಸುಮಾರು 8.6.

ಬೆಳ್ಳಿಯ ಸಾಂದ್ರತೆ 10.5. ಇದು ಬೆಳ್ಳಿಯಾಗಿದ್ದರೆ ಅಷ್ಟು ತೂಕಕ್ಕೆ ಚೆಲ್ಲಬೇಕಾಗಿದ್ದದ್ದು 110 ಘನ ಸೆಂಟಿಮೀಟರ್ ನೀರು ಮಾತ್ರ. ಬಕೀಟಿನ ಬಾಯಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಹರಿವಾಣಕ್ಕೆ ನಾಲ್ಕು ಹನಿ ಅಂಟಿಕೊಳ್ಳುತ್ತದೆ, ಒಪ್ಪೋಣ. ಆದರೆ ಇಪ್ಪತ್ತನಾಲ್ಕು ಘನ ಸೆಂಟಿಮೀಟರಿನ ತಪ್ಪು ಹಾಗೆಲ್ಲ ಆಗುವುದಿಲ್ಲ. ಪೀಠ ಬಿಚ್ಚಿದ ಜಾಗದಲ್ಲಿ, ಕಪ್ಪಿನ ಅಡಿಯಲ್ಲಿ, ನಾಲ್ಕು ಇಂಗ್ಲಿಷ್ ಅಕ್ಷರಗಳ ಪುಟ್ಟ ಮುದ್ರೆಯೂ ಇತ್ತು: ಇ.ಪಿ.ಎನ್.ಎಸ್. ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಮಾಡಿದ್ದು ಎಂಬುದರ ಗುರುತು. ಜರ್ಮನ್ ಸಿಲ್ವರ್ ಹೆಸರಿಗಷ್ಟೇ ಸಿಲ್ವರ್. ತಾಮ್ರ, ಸತು, ನಿಕ್ಕಲ್ ಬೆರೆತ ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಮಕ್ಕಳೇ, ನೀವು ಮನೆಯಲ್ಲಿ ಈ ಪ್ರಯೋಗ ಮಾಡುವುದಾದರೆ ಪೊಳ್ಳು ಹಿಡಿಕೆಯ ಪಾತ್ರೆಗಳನ್ನು ತೆಗೆದುಕೊಳ್ಳಬೇಡಿ, ಒಳಗಿನ ಗಾಳಿ ಲೆಕ್ಕ ಕೆಡಿಸುತ್ತದೆ.

ಹಾಗಾದರೆ ಕಪ್ಪಾದದ್ದೇಕೆ? ಕಪ್ಪಾಗಿದ್ದು ಮೇಲಿನ ತೆಳು ಬೆಳ್ಳಿ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಂದಿಗೆ ಸೇರಿ ಕಪ್ಪು ಬಣ್ಣದ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಸಗಣಿ ಕೊಳೆಯುವಲ್ಲಿ ಆ ಅನಿಲ ಸ್ವಲ್ಪ ಹೆಚ್ಚು. ಸಾಲದ್ದಕ್ಕೆ ಕಪ್ಪನ್ನು ಹಲವು ವರ್ಷ ಸುತ್ತಿಟ್ಟದ್ದು ಕಂಬಳಿ ತುಂಡಿನಲ್ಲಿ, ಉಣ್ಣೆಯಲ್ಲೂ ಗಂಧಕವಿದೆ. ಜೋಪಾನ ಮಾಡಲೆಂದು ಹೊದಿಸಿದ್ದೇ ಮುಳುವಾಯಿತು.

ಕಿವಿಗಳ ಬಳಿ, ಅಂಚಿನಲ್ಲಿ ಮಾತ್ರ ಕಪ್ಪಿಲ್ಲ; ಮಾಸಲು ಹಳದಿ ಬಿಳುಪು. ಅಜ್ಜಿ ಪ್ರತಿ ವರ್ಷ ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದ ಜಾಗ ಅದು. ಹುಣಸೆಯ ಹುಳಿ ತಾಮ್ರ, ಹಿತ್ತಾಳೆಯ ಕಿಲುಬು ತೆಗೆಯುತ್ತದೆ ನಿಜ. ಬೆಳ್ಳಿಯ ಕಪ್ಪಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬೂದಿಯ ತರಿ: ಕಪ್ಪಿನ ಜೊತೆ ಬೆಳ್ಳಿಯನ್ನೂ ಕೆರೆದು ತೆಗೆದಿದೆ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ಬೆಳ್ಳಿ ಸಾಮಾನನ್ನು ಹಾಳೆಗೆ ತಾಗುವಂತೆ ಮುಳುಗಿಸಿದರೆ ಗಂಧಕ ಬಿಟ್ಟುಹೋಗಿ ಬೆಳ್ಳಿ ಅಲ್ಲೇ ಉಳಿಯುತ್ತದೆ. ಆದರೆ ಸಂಗ್ರಾಹಕರು ಅದನ್ನೂ ಬೇಡವೆನ್ನುತ್ತಾರೆ. ಐವತ್ತು ವರ್ಷದ ಕಪ್ಪು ಐವತ್ತು ವರ್ಷ ಆಯಿತೆಂಬುದಕ್ಕೆ ಸಾಕ್ಷಿ, ಅದನ್ನೇಕೆ ಅಳಿಸುತ್ತೀರಿ ಎಂಬುದು ಅವರ ವಾದ. ಅಜ್ಜಿ ತಿಕ್ಕಿದ್ದರಿಂದ ಆದ ನಿಜವಾದ ನಷ್ಟ ಬೇರೆ. ಕಪ್ಪಿನ ಹೊಟ್ಟೆಯ ಮೇಲೆ ಕೆತ್ತಿದ್ದ ಅಕ್ಷರಗಳು ಸವೆದು, ಈಗ ಓದಲು ಸಿಗುವುದು 'ವ್ಯವಸ್ಥಾ' ಎಂಬ ಮೂರಕ್ಷರ ಮಾತ್ರ.

"ಇದು ಬೆಳ್ಳಿ ಅಲ್ವಂತೆ ತಾತ" ಎಂದು ಹುಡುಗಿ ಅಳುಕುತ್ತಲೇ ಹೇಳಿದಳು. ಅಜ್ಜ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು.

"ಗೊತ್ತು ಕಣವ್ವ. ಆವತ್ತೇ ಗೊತ್ತಿತ್ತು" ಎಂದರು. ಹೇಗೆ ಗೊತ್ತಿತ್ತು ಎಂದು ಮಾತ್ರ ಹೇಳಲಿಲ್ಲ.

ಬೆಳ್ಳಿಯೇ ಅಲ್ಲದ ಮೇಲೆ ಹದಿನೈದು ಸಾವಿರ ಯಾವ ಲೆಕ್ಕ? ಹುಡುಗಿಯ ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಬೇಗ ಕೊಟ್ಟುಬಿಡುವುದೇ ಲೇಸು, ಅವನಿಗೆ ಗೊತ್ತಾದರೆ ಹಿಂದೆ ಸರಿದಾನು ಎಂದರು. ಸಂಗ್ರಾಹಕರಿಗೆ ಅದು ಮೊದಲ ನೋಟಕ್ಕೇ ಗೊತ್ತಾಗಿತ್ತು ಎಂಬುದು ಅವರಿಗೆ ಹೊಳೆಯಲಿಲ್ಲ.

ಸಂಗ್ರಹದ ಲೋಕದಲ್ಲಿ ಲೋಹದ ಬೆಲೆ ಕೊನೆಯ ಲೆಕ್ಕ. 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ 1940ರಲ್ಲಿ ಬಂದ ಅತ್ಯುತ್ತಮ ಚಿತ್ರದ ಆಸ್ಕರ್, ನಿರ್ಮಾಪಕ ಸೆಲ್ಜ್‌ನಿಕ್ ಅವರದು. 1999ರಲ್ಲಿ ಅದನ್ನು ಗಾಯಕ ಮೈಕೆಲ್ ಜಾಕ್ಸನ್ ಹರಾಜಿನಲ್ಲಿ ಹದಿನೈದು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಅವರು ತೀರಿಕೊಂಡ ಮೇಲೆ ಆ ಬೊಂಬೆ ಎಲ್ಲಿದೆ ಎಂಬುದು ಅವರ ಆಸ್ತಿ ನೋಡಿಕೊಳ್ಳುವವರಿಗೇ ತಿಳಿಯದೆ ಹೋಯಿತು. ಇಂಥ ಮಾರಾಟ ಬೇಡವೆಂದೇ ಆಸ್ಕರ್ ಅಕಾಡೆಮಿ 1951ರ ಸುಮಾರಿನಿಂದ ಒಂದು ಕಟ್ಟಳೆ ಮಾಡಿದೆ: ಗೆದ್ದವರಾಗಲಿ ಅವರ ವಾರಸುದಾರರಾಗಲಿ ಮಾರುವುದಾದರೆ ಮೊದಲು ಅಕಾಡೆಮಿಗೇ ಕೊಡಬೇಕು; ಈಗ ಅದಕ್ಕೆ ಬೆಲೆ ಒಂದು ಡಾಲರ್.

ನೊಬೆಲ್ ಪದಕಕ್ಕೆ ಅಂಥ ಕಟ್ಟು ಇಲ್ಲ. ಡಿ.ಎನ್.ಎ. ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2014ರಲ್ಲಿ ತಮ್ಮ ಪದಕ ಮಾರಿದರು. ನಲವತ್ತೇಳು ಲಕ್ಷ ಡಾಲರಿಗೆ ಕೊಂಡ ರಷ್ಯದ ಧನಿಕರು ಅದನ್ನು ಅವರಿಗೇ ಹಿಂತಿರುಗಿಸಿದರು. 2022ರಲ್ಲಿ ರಷ್ಯದ ಪತ್ರಕರ್ತ ದ್ಮಿತ್ರಿ ಮುರಾತೊವ್ ಯುಕ್ರೇನಿನ ನಿರಾಶ್ರಿತ ಮಕ್ಕಳಿಗಾಗಿ ತಮ್ಮ ಶಾಂತಿ ಪದಕವನ್ನು ಹರಾಜಿಗಿಟ್ಟರು. ಬಂದದ್ದು ಹತ್ತು ಕೋಟಿ ಡಾಲರಿಗೂ ಮಿಗಿಲು. ಪದಕದೊಳಗಿನ ಚಿನ್ನಕ್ಕೂ ಆ ಹಣಕ್ಕೂ ಏನೇನೂ ಸಂಬಂಧವಿಲ್ಲ.

ಚಿನ್ನವನ್ನೇ ಕರಗಿಸಿದರೂ ಪದಕ ಉಳಿಯಬಹುದು ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. 1940ರಲ್ಲಿ ಹಿಟ್ಲರನ ಪಡೆ ಕೋಪನ್‌ಹೇಗನ್ನಿಗೆ ನುಗ್ಗಿದಾಗ, ಜರ್ಮನಿಯ ಇಬ್ಬರು ವಿಜ್ಞಾನಿಗಳಾದ ಲಾವೆ ಮತ್ತು ಫ್ರಾಂಕ್ ಅವರ ನೊಬೆಲ್ ಪದಕಗಳು ನೀಲ್ಸ್ ಬೋರರ ಸಂಸ್ಥೆಯಲ್ಲಿ ಬಚ್ಚಿಟ್ಟಿದ್ದವು. ದೇಶದಿಂದ ಚಿನ್ನ ಸಾಗಿಸುವುದು ಆ ಜರ್ಮನಿಯಲ್ಲಿ ಘೋರ ಅಪರಾಧ. ಪದಕದ ಮೇಲೆ ಹೆಸರುಗಳು ಬೇರೆ. ಅಲ್ಲಿದ್ದ ಹೆವೆಸಿ ಎಂಬ ರಸಾಯನಶಾಸ್ತ್ರಜ್ಞರು ಎರಡನ್ನೂ ರಾಜೋದಕದಲ್ಲಿ, ಅಂದರೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ, ಕರಗಿಸಿ ಸೀಸೆಯನ್ನು ಕಪಾಟಿನ ಮೇಲಿಟ್ಟರು. ಸೈನಿಕರು ಹುಡುಕಿದರು, ಸೀಸೆಯನ್ನು ಯಾರೂ ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ದ್ರಾವಣದಿಂದ ಚಿನ್ನವನ್ನು ಮರಳಿ ಪಡೆದು ಸ್ವೀಡನ್ನಿಗೆ ಕಳಿಸಿದರು, ಅಲ್ಲಿ ಪದಕಗಳನ್ನು ಹೊಸದಾಗಿ ಎರಕ ಹೊಯ್ದರು.

ನಮ್ಮಲ್ಲಿ ಹಾಗಾಗಲಿಲ್ಲ. ಕವಿ, ನಾಟಕಕಾರ ರವೀಂದ್ರನಾಥ ಠಾಕೂರರ ನೊಬೆಲ್ ಪದಕ 2004ರ ಮಾರ್ಚಿಯಲ್ಲಿ ಶಾಂತಿನಿಕೇತನದಿಂದ ಕಳುವಾಯಿತು. ನೊಬೆಲ್ ಪ್ರತಿಷ್ಠಾನ ಪ್ರತಿಕೃತಿ ಮಾಡಿಸಿಕೊಟ್ಟಿತು. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳ ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದ. ಲೋಹದ ಆಸೆಗೆ ಹೋದವನಿಗೆ ಅಲ್ಲಿ ಸಿಕ್ಕಿದ್ದು ಒಂದಿಷ್ಟು ಕಂಚು. ಮಾರಹೋದರೆ ಸಿಕ್ಕಿಬೀಳುತ್ತಾನೆ, ಕರಗಿಸಿದರೆ ಪಾತ್ರೆಯ ಬೆಲೆಯೂ ಬರದು.

ಇಲ್ಲಿ ಒಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಇದೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾದ ಮೇಲೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಹಳ್ಳಿಯ ಮನೆಗಳ ಅಟ್ಟದಲ್ಲಿ ಇಲಿ ಓಡಾಡುತ್ತಿದ್ದ ಒನಕೆ, ಕೊಳಗ, ಬೊಂಬೆ, ವಾದ್ಯಗಳಿಗೆ ಅಲ್ಲಿ ಗಾಜಿನ ಕಪಾಟು ಸಿಕ್ಕಿತು. ಯಾರೂ ಕೊಳ್ಳದ ವಸ್ತುವನ್ನು ಅವರು ಕೇಳಿ ಕೇಳಿ ಪಡೆದರು. ಬೆಂಗಳೂರಿನ ಸಂಗ್ರಾಹಕರು ದುಡ್ಡು ಕೊಟ್ಟು ಪಡೆಯುತ್ತಾರೆ, ಅದೂ ತಪ್ಪಲ್ಲ. ನೂರು ವರ್ಷ ದಾಟಿದ ಕಲಾವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯಿದೆ ಅಡ್ಡ ಬರುತ್ತದೆ, ದೇಶದಾಚೆ ಒಯ್ಯುವಂತಿಲ್ಲ. ಐವತ್ತು ವರ್ಷದ ಕಪ್ಪಿಗೆ ಅಂಥ ತೊಡಕಿಲ್ಲ.

ಮುಂದಿನ ಭಾನುವಾರ ಸಂಗ್ರಾಹಕರು ಬಂದರು. ಕಾಫಿ ಆಯಿತು. ಕಪ್ಪು ಬೆಳ್ಳಿಯಲ್ಲ ಎಂದು ಹುಡುಗಿಯೇ ಮೊದಲು ಹೇಳಿಬಿಟ್ಟಳು. ಅಪ್ಪ ಕಣ್ಣು ಕೆಂಪಗೆ ಮಾಡಿದರು. ಸಂಗ್ರಾಹಕರು ನಕ್ಕು, "ಗೊತ್ತಮ್ಮ. ನೀನು ಹೇಗೆ ಕಂಡುಹಿಡಿದೆ?" ಎಂದು ಅವಳ ಲೆಕ್ಕದ ಹಾಳೆ ತರಿಸಿಕೊಂಡು ಪೂರ್ತಿ ನೋಡಿದರು. ಆಮೇಲೆ ಕಪ್ಪನ್ನು ಬೋರಲು ಹಾಕಿ ಎಡಗಿವಿಯ ಕೆಳಗಿನ ಒಂದು ಗೀರು ತೋರಿಸಿದರು. "ಇದು ತಿಕ್ಕಿದ್ದರಿಂದ ಆದದ್ದಲ್ಲ. ಚಿನಿವಾರರು ಪರೀಕ್ಷೆಗೆ ಗೀರಿದ ಗುರುತು. ಯಾರಾದರೂ ಇದನ್ನ ಅಡವಿಡೋದಕ್ಕೆ ಹೋಗಿದ್ದರಾ?"

ಅಜ್ಜ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ.

"ಇವ್ರೇ ಓಗಿದ್ರು ಸ್ವಾಮಿ" ಎಂದರು ಅಜ್ಜಿ. "ಕಪ್ಪು ಬಂದು ಎಂಟು ದಿಸ ಆಗಿರನಿಲ್ಲ. ಕಂಬಳೀಲಿ ಸುತ್ಕಂಡು ಮುಂಜಾನೆಗೇ ಓದ್ರು. ನಾನು ಮಲಗಿದ್ದೀನಿ ಅಂದ್ಕಂಡ್ರು."

ಐವತ್ತು ವರ್ಷ ಗಂಡ ಹೆಂಡಿರ ನಡುವೆ ಆಡದೆ ಉಳಿದಿದ್ದ ಮಾತು ಹೊರಬಿತ್ತು. ಆ ಸ್ಪರ್ಧೆಯ ನಾಟಕಕ್ಕೆ ಸೀನರಿಯವರು ಮುಂಗಡವಿಲ್ಲದೆ ಗಾಡಿ ಕಟ್ಟುವುದಿಲ್ಲ ಎಂದು ಕೂತಾಗ, ಅಜ್ಜಿ ತವರಿನವರು ಹಾಕಿದ್ದ ಕೆಂಪಿನ ಓಲೆ ಬಿಚ್ಚಿಕೊಟ್ಟಿದ್ದರು. ಅದು ಗಿರವಿ ಅಂಗಡಿ ಸೇರಿತು. ಕಪ್ಪು ಬಂದಾಗ ಅಜ್ಜ ಅದನ್ನು ಬೆಳ್ಳಿಯೆಂದು ನಂಬಿ, ಅದನ್ನಿಟ್ಟು ಓಲೆ ಬಿಡಿಸಿಕೊಳ್ಳಲು ಹೋದರು. ಅಂಗಡಿಯವನು ಕಿವಿಯ ಕೆಳಗೆ ಒಂದು ಗೀರು ಹಾಕಿ ನೋಡಿ ಕಪ್ಪನ್ನು ಹಿಂದಕ್ಕೆ ತಳ್ಳಿದ. ಆಮೇಲೆ ಎರಡು ವರ್ಷ ಮಳೆ ಹೋಯಿತು, ಬಡ್ಡಿ ಬೆಳೆಯಿತು, ಓಲೆ ಮುಳುಗಿತು. ಕಪ್ಪು ಬೀರುವಿನಲ್ಲಿ ಕೂತಿತು. ಅಜ್ಜಿಯ ಕಿವಿಗೆ ಅಂದಿನಿಂದ ಬಂದದ್ದು ರೋಲ್ಡ್‌ಗೋಲ್ಡು. ಅದೂ ಒಂದು ಲೇಪವೇ.

ಹುಡುಗಿ ಕಪ್ಪಿನೊಳಗೆ ಮಡಿಸಿಟ್ಟಿದ್ದ ಕರಪತ್ರವನ್ನು ಮೆಲ್ಲಗೆ ಬಿಚ್ಚಿ ನೋಡಿದಳು. ಹಾರ್ಮೋನಿಯಂ, ತಬಲ, ಸೀನರಿ, ಕೃಷ್ಣ, ಭೀಮ, ದ್ರೌಪದಿ, ಮೈಕು ಕೊಟ್ಟವರು, ಶಾಮಿಯಾನದವರು, ಕೊನೆಗೆ ವ್ಯವಸ್ಥಾಪಕರು. ಕಾಫಿಪುಡಿ ಕೊಡಿಸಿದವರ ಹೆಸರೂ ಇತ್ತು. ಅಜ್ಜಿಯ ಹೆಸರು ಎಲ್ಲೂ ಇರಲಿಲ್ಲ.

ಹೆಂಗಸರು ನಾಟಕಕ್ಕೆ ದುಡ್ಡು ಹೂಡಿದ್ದು, ಕಂಪನಿ ನಡೆಸಿದ್ದು ಕನ್ನಡಕ್ಕೆ ಹೊಸದೇನಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಬರೀ ಹೆಂಗಸರದೇ ನಾಟಕ ಮಂಡಳಿ ಕಟ್ಟಿದರು. ಕಂಸನಂಥ ಪಾತ್ರಗಳನ್ನು ತಾವೇ ಹಾಕಿ ಗಂಡಸರನ್ನು ನಾಚಿಸಿದರು. ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2012ರಲ್ಲಿ ಪದ್ಮಶ್ರೀ ಬಂತು. ಅವರು ದೀಪದ ಮುಂದೆ ನಿಂತವರು. ಓಲೆ, ಸರ, ಬಳೆ ಬಿಚ್ಚಿಕೊಟ್ಟು ಅಡುಗೆಮನೆಗೆ ಮರಳಿದವರ ಲೆಕ್ಕವನ್ನು ಯಾವ ಮಂಡಳಿಯ ಖಾತೆಯಲ್ಲಿ ಹುಡುಕುವುದು?

"ಅಂಗಾದ್ರೆ ಈ ಕಪ್ಪು 'ನಿರ್ಮಾಪಕಿ'ದು" ಎಂದು ಹುಡುಗಿ ನಗುತ್ತ ಹೇಳಿದಳು. ಯಾರೂ ನಗಲಿಲ್ಲ.

ಸಂಗ್ರಾಹಕರು ಚೀಲದಿಂದ ಹಾಳೆ ತೆಗೆದರು. ಒಂದು ವಸ್ತು ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು, ಅದಕ್ಕೇನು ಸಾಕ್ಷಿ ಎಂಬುದನ್ನು ಬರೆದಿಟ್ಟುಕೊಳ್ಳುವುದು ಅವರ ಪದ್ಧತಿ. ಆ ಬರಹ ಇಲ್ಲದಿದ್ದರೆ ಪೇಟೆಯಲ್ಲಿ ಸಿಗುವ ಇನ್ನೊಂದು ಕಪ್ಪಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಸ್ಪರ್ಧೆ, ಊರು, ತಂಡ, ಕರಪತ್ರ, ಗೀರು, ಓಲೆ ಎಲ್ಲವನ್ನೂ ಕೇಳಿ ಕೇಳಿ ಬರೆದರು. ಓದಿ ಹೇಳಿದರು. ಅಜ್ಜ ರುಜು ಹಾಕಿದರು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಸಾಕ್ಷರತಾ ಆಂದೋಲನದ ಕಾಲದಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಹೆಸರು ಬರೆದರು. ಅದಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಹಿಡಿಯಿತು. ಕಾದರು ಎಲ್ಲರೂ.

ಸಂಗ್ರಾಹಕರು ನೇರ ಮನುಷ್ಯರು. ಹಾಳೆ ಮಡಿಸುವ ಮುಂಚೆ ಹೇಳಿದರು: "ನಿಜ ಹೇಳಬೇಕು ಅಂದ್ರೆ, ಈ ಕಾಗದ ಆದ ಮೇಲೆ ಹದಿನೈದು ಕಡಿಮೆ ಆಗುತ್ತೆ. ಇಪ್ಪತ್ತು ಕೊಡ್ತೀನಿ."

ಹುಡುಗಿಯ ಅಪ್ಪ ಎದ್ದೇ ನಿಂತರು. ಅಜ್ಜಿ ಮಾತ್ರ ಸೊಸೈಟಿಯ ತಕ್ಕಡಿಯನ್ನು ನೋಡುವಂತೆ ಸಂಗ್ರಾಹಕರನ್ನು ನೋಡಿದರು.

"ನಾನು ಎಸರು ಬರ್ದಿದ್ಕೇ ಐದು ಸಾವ್ರ ಎಚ್ಚಾಯ್ತಾ?"

"ಹೌದಮ್ಮ."

"ಅಂಗಾದ್ರೆ ಒಳಕ್ಕಿಡು ಮಗ" ಎಂದರು ಮೊಮ್ಮಗಳಿಗೆ. "ಇನ್ನೊಂದಷ್ಟು ದಿನ ಇರ್ಲಿ. ಏನೇನು ಎಚ್ಚಾಯ್ತದೋ ನೋಡಾಣ."

ಫೀಸಿಗೆ ಎರಡು ಟಗರು ಸಂತೆಗೆ ಹೋದವು. ಸಾಲದೆ ಬಿದ್ದದ್ದನ್ನು ಹುಡುಗಿಯ ಸೋದರಮಾವ ತುಂಬಿದರು, ಕಾಗದ ಬರೆಯಿಸಿಕೊಂಡಿಲ್ಲ. ಸಂಗ್ರಾಹಕರು ಕಪ್ಪಿನ, ಕರಪತ್ರದ ಪಟ ತೆಗೆದುಕೊಂಡು, ಬರೆದ ಹಾಳೆಯ ಮೂಲವನ್ನು ಅಜ್ಜಿಯ ಕೈಗೇ ಕೊಟ್ಟು ಹೋದರು. ಹುಡುಗಿ ಕಂಬಳಿ ತುಂಡನ್ನು ಕೊಟ್ಟಿಗೆಗೆ ಎಸೆದು ಕಪ್ಪನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿದಳು. ಕರಪತ್ರ, ಹಾಳೆ ಎರಡನ್ನೂ ಬೇರೆ ಲಕೋಟೆಯಲ್ಲಿ ಹಾಕಿದಳು. ಆಯುಧಪೂಜೆಗೆ ಕುಂಕುಮ ಇಡಬಹುದು, ಬೂದಿ ಮುಟ್ಟಿಸಕೂಡದು ಎಂದು ಅಜ್ಜಿಯಿಂದ ಮಾತು ತೆಗೆದುಕೊಂಡಳು.

ಜೂನಿನಲ್ಲಿ ಟ್ರಂಕು ಹೊತ್ತು ಬಸ್‌ಸ್ಟಾಪಿಗೆ ಹೊರಟಾಗ ಅಜ್ಜಿ ಕೇಳಿದರು:

"ಮಗಾ, ನಿಮ್ಮ ಕಾಲೇಜಲ್ಲೂ ನಾಟಕ ಆಡುಸ್ತಾರಾ?"

"ಆಡಿಸ್ಬೋದು ಅಜ್ಜಿ. ಯಾಕೆ?"

"ಪಾತ್ರ ಕೊಟ್ರೆ ಮಾಡು, ಬ್ಯಾಡ ಅನ್ನಕಿಲ್ಲ. ಮ್ಯಾನೇಜರ್ ಮಾತ್ರ ಆಗ್ಬ್ಯಾಡ."

ಜಗಲಿಯ ಮೇಲಿದ್ದ ಅಜ್ಜನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.